ಸರ್ವರ್ ಒಳಗೇ ಹೋಗೋಕಾಗ್ತಿಲ್ಲ, ಏನ್ಮಾಡ್ಲಿ?

ಪ್ರಶ್ನೆ: ಸರ್, ಕಾಲೇಜ್ ಪ್ರಾಜೆಕ್ಟ್‌ಗೆ ಅಂತ ಎಡಬ್ಲ್ಯೂಎಸ್ (ಅಮೆಜಾನ್ ಕ್ಲೌಡ್) ಮುಂಬೈ ರೀಜನ್‌ನಲ್ಲಿ ಒಂದು ಉಬುಂಟು ಲಿನಕ್ಸ್ ಮೆಷಿನ್ ಮಾಡ್ಕೊಂಡಿದ್ದೆ. ಸುಮ್ನೆ ದುಡ್ಡು ಹೋಗತ್ತೆ ಅಂತ ರಾತ್ರಿ ಸ್ಟಾಪ್ ಮಾಡಿ ಮಲಗಿದೆ, ಬೆಳಗ್ಗೆ ಸ್ಟಾರ್ಟ್ ಮಾಡಿ ಎಸ್‌ಎಸ್‌ಎಚ್ (ದೂರದಿಂದ ಲಾಗಿನ್ ಆಗೋ ಕಮಾಂಡ್) ಕೊಟ್ರೆ 'ಕನೆಕ್ಷನ್ ಟೈಮ್ಡ್ ಔಟ್' ಅಂತಿದೆ. ಸೆಕ್ಯುರಿಟಿ ಗ್ರೂಪ್‌ನಲ್ಲಿ (ಮೆಷಿನ್‌ಗೆ ಕಾವಲಿರೋ ಫೈರ್‌ವಾಲ್) ಎಲ್ಲಾ ಪೋರ್ಟೂ ಓಪನ್ ಮಾಡ್ಬಿಡು ಅಂತಾರೆ ಫ್ರೆಂಡ್ಸು. ಮಾಡ್ಲಾ?
ಓದುಗ, ದಾವಣಗೆರೆ

ಉತ್ತರ: ದಯವಿಟ್ಟು ಮಾಡ್ಬೇಡಿ. ಮೊದ್ಲು ಕನ್ಸೋಲ್‌ಗೆ ಹೋಗಿ ಮೆಷಿನ್‌ನ ಪಬ್ಲಿಕ್ ಐಪಿ (ಇಂಟರ್ನೆಟ್ ವಿಳಾಸ) ನೋಡಿ, ನಿನ್ನೆದೇ ಇರೋದಿಲ್ಲ, ಯಾಕಂದ್ರೆ ಸ್ಟಾಪ್ ಮಾಡಿ ಸ್ಟಾರ್ಟ್ ಮಾಡಿದಾಗ ಹಳೇ ಐಪಿ ವಾಪಸ್ ಹೋಗಿ ಹೊಸದು ಬರತ್ತೆ, ನೀವು ಇನ್ನೂ ಹಳೇ ಮನೆ ಬಾಗಿಲು ಬಡೀತಿದ್ದೀರ. ಬರೀ ರೀಬೂಟ್ ಮಾಡಿದ್ರೆ ಬದಲಾಗಲ್ಲ. ಐಪಿ ಕಾಯಂ ಬೇಕಂದ್ರೆ ಎಲಾಸ್ಟಿಕ್ ಐಪಿ ತಗೋಬಹುದು, ಆದ್ರೆ 2024ರ ಫೆಬ್ರವರಿಯಿಂದ ಪ್ರತಿ ಪಬ್ಲಿಕ್ ಐಪಿವಿ4 ಅಡ್ರೆಸ್‌ಗೂ ಗಂಟೆಗೆ 0.005 ಡಾಲರ್ ಇದೆ, ಮೆಷಿನ್ ಸ್ಟಾಪ್ ಆಗಿದ್ರೂ ಎಲಾಸ್ಟಿಕ್ ಐಪಿಗೆ ಅದು ಓಡ್ತಾನೇ ಇರತ್ತೆ.

ಹೊಸ ಐಪಿಗೂ ಟೈಮ್ ಔಟ್ ಬಂದ್ರೆ ನಿಮ್ಮನೆ ಐಪಿನೂ ಬದಲಾಗಿದೆಯಾ ನೋಡಿ. ಸೆಕ್ಯುರಿಟಿ ಗ್ರೂಪ್‌ನಲ್ಲಿ ಎಸ್‌ಎಸ್‌ಎಚ್‌ನ ಪೋರ್ಟ್ 22ಕ್ಕೆ 'ಮೈ ಐಪಿ' ಅಂತ ರೂಲ್ ಹಾಕಿದ್ರೆ ಅದು ಹಾಕಿದ ದಿನದ ಐಪಿನೇ ಇಟ್ಕೊಂಡಿರತ್ತೆ, ಮನೆ ರೌಟರ್ ಆಫ್ ಆಗಿ ಆನ್ ಆದ್ರೆ, ಅಥ್ವಾ ಮೊಬೈಲ್ ಹಾಟ್‌ಸ್ಪಾಟ್‌ಗೆ ಬಂದ್ರೆ ಆ ರೂಲ್‌ಗೆ ನೀವು ಯಾರೋ ಹೊರಗಿನವ್ರು. ಅದೊಂದನ್ನ ಅಪ್‌ಡೇಟ್ ಮಾಡಿದ್ರೆ ಸಾಕು. ಎಲ್ಲಾ ಪೋರ್ಟೂ ತೆಗೆದಿಟ್ರೆ ನೀವು ಪ್ರಾಜೆಕ್ಟ್‌ಗೆ ಡೇಟಾಬೇಸ್ ಹಾಕ್ಕೊಂಡಿದ್ರೆ ಅದೂ ಪ್ರಪಂಚಕ್ಕೆಲ್ಲಾ ತೆರ್ಕೊಳ್ಬಹುದು, ಅಂಥದ್ದನ್ನ ಹುಡ್ಕೋದಕ್ಕೇ ಹಗಲೂ ರಾತ್ರಿ ಬಾಟ್‌ಗಳು ಓಡಾಡ್ತಿರತ್ವೆ, ಇಷ್ಟು ಕಷ್ಟಪಟ್ಟು ಮಾಡಿದ್ದು ಹಾಳಾಗೋದು ಬೇಡ.

ಎರರ್ ಸಾಲನ್ನ ಪೂರ್ತಿ ಓದೋ ಅಭ್ಯಾಸ ಮಾಡ್ಕೊಳ್ಳಿ, ಎಲ್ಲಿವರೆಗೆ ತಲುಪಿದ್ದೀರ ಅಂತ ಅದೇ ಹೇಳತ್ತೆ. ಟೈಮ್ ಔಟ್ ಅಂದ್ರೆ ಆ ಕಡೆಯಿಂದ ಉತ್ತರನೇ ಬರ್ತಿಲ್ಲ. 'ಕನೆಕ್ಷನ್ ರಿಫ್ಯೂಸ್ಡ್' ಅಂದ್ರೆ ಸಾಮಾನ್ಯವಾಗಿ ಮೆಷಿನ್ ಸಿಕ್ಕಿದೆ, ಆ ಪೋರ್ಟ್‌ನಲ್ಲಿ ಕೇಳಿಸ್ಕೊಳ್ಳೋರು ಇಲ್ಲ, ಈಗಷ್ಟೇ ಸ್ಟಾರ್ಟ್ ಮಾಡಿದ್ರೆ ಎರಡು ನಿಮಿಷ ಬಿಟ್ಟು ನೋಡಿ. 'ಪರ್ಮಿಷನ್ ಡಿನೈಡ್' ಬಂತಾ, ಖುಷಿಪಡಿ, ಬಾಗಿಲವರೆಗೆ ಬಂದಿದ್ದೀರ, ಕೀ ಫೈಲ್ ಬೇರೆದಿರತ್ತೆ ಇಲ್ಲಾ ಯೂಸರ್‌ನೇಮ್ ತಪ್ಪಿರತ್ತೆ: ಉಬುಂಟುಗೆ 'ಉಬುಂಟು', ಅಮೆಜಾನ್ ಲಿನಕ್ಸ್‌ಗೆ 'ಇಸಿ2-ಯೂಸರ್', ಡೆಬಿಯನ್‌ಗೆ 'ಅಡ್ಮಿನ್'. ಕೀ ಫೈಲ್‌ನ ಎಲ್ಲರೂ ಓದೋ ಹಾಗಿದ್ರೂ ಎಸ್‌ಎಸ್‌ಎಚ್ ಒಪ್ಪಲ್ಲ, ಲಿನಕ್ಸ್ ಅಥ್ವಾ ಮ್ಯಾಕ್ ಆದ್ರೆ ಅದರ ಪರ್ಮಿಷನ್ 400 (ನೀವು ಮಾತ್ರ ಓದೋ ಹಾಗೆ) ಮಾಡಿ.

ಪ್ರಶ್ನೆ: ಎಸ್‌ಎಸ್‌ಎಚ್ ಆಗ್ತಿದೆ, ಫ್ಲಾಸ್ಕ್ (ಪೈಥಾನ್ ವೆಬ್) ಆಪ್ ಮೆಷಿನ್ ಒಳಗಿಂದ ಕರ್ಲ್ ಕಮಾಂಡ್‌ನಲ್ಲಿ ತೆಗೆದ್ರೆ ಬರತ್ತೆ, ಮನೆ ಬ್ರೌಸರ್‌ನಲ್ಲಿ ಬರಲ್ಲ.
ಓದುಗಿ, ಶಿರಸಿ

ಉತ್ತರ: ಫ್ಲಾಸ್ಕ್ ತಾನಾಗೇ 127.0.0.1ಗೆ, ಅಂದ್ರೆ ಮೆಷಿನ್ ಒಳಗಿನ ವಿಳಾಸಕ್ಕೆ ಮಾತ್ರ ಕೂತ್ಕೊಳತ್ತೆ, ಹೊರಗಿನವ್ರ ಮಾತು ಕೇಳಲ್ಲ. ಟೆಸ್ಟ್ ಮಾಡೋಕೆ ಹೋಸ್ಟ್ 0.0.0.0 (ಹೊರಗಿನವ್ರ ಮಾತೂ ಕೇಳು ಅಂತ) ಕೊಟ್ಟು ರನ್ ಮಾಡಿ, ಡಿಬಗ್ ಮೋಡ್ ಆಫ್ ಇರ್ಲಿ, ಸೆಕ್ಯುರಿಟಿ ಗ್ರೂಪ್‌ನಲ್ಲಿ ಫ್ಲಾಸ್ಕ್‌ನ ಪೋರ್ಟ್ 5000 ನಿಮ್ಮ ಐಪಿಗಷ್ಟೇ ಬಿಡಿ. ಬ್ರೌಸರ್‌ನಲ್ಲಿ ಎಚ್‌ಟಿಟಿಪಿಎಸ್ ಅಲ್ಲ, ಎಚ್‌ಟಿಟಿಪಿ ಅಂತ ನೀವೇ ಟೈಪ್ ಮಾಡಿ, ಕೊನೆಗೆ ಪೋರ್ಟ್ ನಂಬರ್ ಹಾಕೋದು ಮರೀಬೇಡಿ.