ಟ್ರೊಮ್ಸೊಗೆ ಹೋಗುವವರಿಗೆ: ಅರೋರಾ ಯಾವಾಗ ಕಾಣುತ್ತದೆ?

ಅಕ್ಕಾ, ಫೆಬ್ರವರಿಯಲ್ಲಿ ಮಣಿಪಾಲದಿಂದ ನಾರ್ವೆಯ ಟ್ರೊಮ್ಸೊಗೆ ಹೊರಟಿದ್ದೀರಿ. ಯಾವ ದಿನ ಅರೋರಾ, ಅಂದರೆ ಧ್ರುವದ ಕಡೆ ರಾತ್ರಿ ಆಕಾಶದಲ್ಲಿ ಕುಣಿಯುವ ಬಣ್ಣದ ಬೆಳಕು, ಕಾಣುತ್ತದೆ, ಕೆಪಿ ಎಷ್ಟಿರಬೇಕು, ಮೂರು ರಾತ್ರಿ ಸಾಕಾ ಎಂದು ಕೇಳಿದ್ದೀರಿ. ಕೊನೆಯದಕ್ಕೆ ಮೊದಲು ಹೇಳುತ್ತೇನೆ: ರಜೆ ಸಿಕ್ಕಿದರೆ ಐದಾರು ರಾತ್ರಿ ಇರಿ. ಕಾರಣ ಸೂರ್ಯ ಅಲ್ಲ, ಮೋಡ.

ಕೆಪಿ ಎಂದರೆ ಭೂಮಿಯ ಕಾಂತಕ್ಷೇತ್ರ ಮೂರು ಗಂಟೆಯಲ್ಲಿ ಎಷ್ಟು ಅಲುಗಾಡಿತು ಎಂದು ಹೇಳುವ ಅಂಕಿ, 0ಯಿಂದ 9ರವರೆಗೆ. ಇಂಗ್ಲೆಂಡಿನ ದಕ್ಷಿಣದಲ್ಲಿರುವವರು ಅದು 7 ದಾಟಲಿ ಎಂದು ಕಾಯಬೇಕು. ಟ್ರೊಮ್ಸೊ ಇರುವುದು ಸುಮಾರು 70 ಡಿಗ್ರಿ ಉತ್ತರದಲ್ಲಿ, ಉತ್ತರ ಧ್ರುವದ ಸುತ್ತ ಅರೋರಾ ಬೆಳಗುವ ಉಂಗುರದ ಅಡಿಯಲ್ಲೇ. ಅಲ್ಲಿ ಕೆಪಿ 1, 2 ಇದ್ದರೂ ಹಸಿರು ಬೆಳಕು ಕಾಣುತ್ತದೆ. ಹಾಗಾಗಿ ಕೆಪಿ ಕಮ್ಮಿ ಉಂಟು ಎಂದು ಹೋಟೆಲಿನಲ್ಲೇ ಮಲಗಬೇಡಿ.

ಮೋಡದ ಲೆಕ್ಕ ನಮ್ಮ ಕರಾವಳಿಯವರಿಗೆ ಬೇಗ ಅರ್ಥವಾಗುತ್ತದೆ. ಆಗುಂಬೆಯಲ್ಲಿ ಧೋ ಎಂದು ಸುರಿಯುವ ದಿನವೂ ಚಿತ್ರದುರ್ಗದ ಕಡೆ ಬಿಸಿಲಿರುತ್ತದೆ, ಅಲ್ವಾ? ಅಲ್ಲೂ ಹಾಗೆಯೇ. ಕಡಲಿನ ತೇವ ಟ್ರೊಮ್ಸೊ ಸುತ್ತಿನ ಬೆಟ್ಟಗಳಲ್ಲೇ ಹಿಮವಾಗಿ ಸುರಿಯುತ್ತದೆ. ಒಳನಾಡಿನ ಶಿಬೊಟ್ನ್ ಕಣಿವೆ, ಗಡಿಯಾಚೆ ಫಿನ್ಲೆಂಡಿನ ಕಿಲ್ಪಿಸ್‌ಯಾರ್ವಿ ಕಡೆ ಹೋದರೆ ಆಕಾಶ ತೆರೆದಿರುವ ಸಾಧ್ಯತೆ ಜಾಸ್ತಿ. ಸ್ವೀಡನ್ನಿನ ಅಬಿಸ್ಕೊ ಹೆಸರು ಮಾಡಿದ್ದೂ ಇದೇ ಕಾರಣಕ್ಕೆ. ನಾರ್ವೆಯವರೇ ಬಳಸುವ ‘ಯರ್’ ಆ್ಯಪ್‌ನಲ್ಲಿ ಈ ಊರುಗಳ ಮೋಡವನ್ನು ಸಂಜೆ ಗಂಟೆಗಂಟೆಗೆ ನೋಡಿ. ಒಂದೇ ಕಡೆ ಕೂರಿಸುವ ಕ್ಯಾಂಪಿಗಿಂತ, ಮೋಡ ಇಲ್ಲದ ಕಡೆ ಓಡಿಸುವ ವ್ಯಾನ್ ಟೂರ್ ಆರಿಸಿ. ಅದು ಫಿನ್ಲೆಂಡ್ ಗಡಿ ದಾಟಬಹುದು, ಪಾಸ್‌ಪೋರ್ಟ್ ಜೊತೆಗಿರಲಿ. ಮಂಜುಗಡ್ಡೆ ರಸ್ತೆಯಲ್ಲಿ ನೀವೇ ಕಾರು ಓಡಿಸುವುದು ಖಂಡಿತ ಬೇಡ. ಮಕ್ಕಳೂ ಇದ್ದಾರೆ.

ಈಗ ಮುನ್ಸೂಚನೆ. ತಿಂಗಳುಗಟ್ಟಲೆ ಮೊದಲು ದಿನಾಂಕ ಹೇಳುವವರನ್ನು ನಂಬಬೇಡಿ. ಸೂರ್ಯ ನಮಗೆ ಕಾಣುವಂತೆ ಒಂದು ಸುತ್ತು ತಿರುಗಲು ಸುಮಾರು 27 ದಿನ ಬೇಕು. ಅರೋರಾ ಹೊತ್ತಿಸುವುದು ಸೌರಮಾರುತ, ಅಂದರೆ ಸೂರ್ಯನಿಂದ ಹೊರಡುವ ವಿದ್ಯುತ್ ಕಣಗಳ ಹರಿವು. ಈ ಸಲ ಅದನ್ನು ಜೋರಾಗಿ ಕಳಿಸಿದ ಕರೋನಾ ರಂಧ್ರ (ಸೂರ್ಯನ ಹೊರಪದರದಲ್ಲಿ ಕಪ್ಪಾಗಿ ಕಾಣುವ ಜಾಗ) 27 ದಿನ ಬಿಟ್ಟು ಮತ್ತೆ ನಮ್ಮ ಕಡೆ ಮುಖ ಮಾಡಬಹುದು. ದೂರದ ಅಂದಾಜು ಅಷ್ಟೇ. ಸೂರ್ಯನಲ್ಲಿ ಸ್ಫೋಟವಾಗಿ ದ್ರವ್ಯ ಹೊರಟರೆ ಇಲ್ಲಿಗೆ ಬರಲು ಸಾಮಾನ್ಯವಾಗಿ ಒಂದರಿಂದ ಮೂರು ದಿನ. ಅಮೆರಿಕದ ನೋವಾ ಸಂಸ್ಥೆಯ ಮೂರು ದಿನದ ಮುನ್ಸೂಚನೆ ಇದಕ್ಕೆ ಒಳ್ಳೆಯದು.

ನಿಜವಾಗಿ ನಂಬಬಹುದಾದದ್ದು ಕೊನೆಯ ಅರ್ಧ ಗಂಟೆ, ಒಂದು ಗಂಟೆಯ ಮುನ್ಸೂಚನೆ. ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದ ಎಲ್1 ಬಿಂದುವಿನ ಬಳಿ ಇರುವ ಉಪಗ್ರಹಗಳು ಸೌರಮಾರುತವನ್ನು ದಾರಿಯಲ್ಲೇ ಅಳೆಯುತ್ತವೆ. ನಮ್ಮ ಆದಿತ್ಯ-ಎಲ್1 ಕೂಡ 2024ರ ಜನವರಿಯಿಂದ ಅಲ್ಲೇ ಉಂಟು. ಅರೋರಾ ತೋರಿಸುವ ಆ್ಯಪ್‌ನಲ್ಲಿ ‘ಬಿ-ಝಡ್’ ಎಂಬ ಗೆರೆ ನೋಡಿ. ಅದು ಸೊನ್ನೆಗಿಂತ ಕೆಳಗಿಳಿದರೆ ಮಾರುತದ ಕಾಂತಕ್ಷೇತ್ರ ದಕ್ಷಿಣಕ್ಕೆ ತಿರುಗಿದೆ ಎಂದರ್ಥ. ಆಗ ಭೂಮಿಯ ಕ್ಷೇತ್ರಕ್ಕೆ ಅದು ಕೂಡಿಕೊಂಡು ಶಕ್ತಿ ಒಳಗೆ ಬರುತ್ತದೆ. ಆ ಗೆರೆ ಮೈನಸ್ 5ರ ಆಸುಪಾಸಿನಲ್ಲಿ ಸ್ವಲ್ಪ ಹೊತ್ತು ನಿಂತರೆ ಜಾಕೆಟ್ ಹಾಕಿ ಹೊರಗೆ ಬನ್ನಿ.

ಬಂದ ಮೇಲೆ ತಾಳ್ಮೆ ಬೇಕು. ಮೊದಲು ಉತ್ತರದಲ್ಲಿ ಒಂದು ಮಂದ ಪಟ್ಟಿ ಸುಮ್ನೆ ನಿಂತಿರುತ್ತದೆ. ಹಲವರು ಇಷ್ಟೇನಾ ಎಂದು ವಾಪಸ್ ಹೋಗುತ್ತಾರೆ. ಆಮೇಲೆ ಒಮ್ಮೆಲೇ ಅದು ಸೀಳಿ ಇಡೀ ಆಕಾಶ ಕುಣಿಯುತ್ತದೆ, ಕೆಲವೇ ನಿಮಿಷದಲ್ಲಿ ಮಂಕಾಗುತ್ತದೆ. ಒಂದೆರಡು ಗಂಟೆ ಕಳೆದು ಮತ್ತೆ ಬರಬಹುದು. ರಾತ್ರಿ ಎಂಟರಿಂದ ಒಂದು ಗಂಟೆವರೆಗೆ ಕಾಯುವ ಹಾಗೆ ಊಟ, ನಿದ್ದೆ ಹೊಂದಿಸಿಕೊಳ್ಳಿ.

ಕ್ಯಾಮೆರಾಗೆ ಟ್ರೈಪಾಡ್, ಐಎಸ್‌ಒ (ಬೆಳಕು ಹಿಡಿಯುವ ಸೂಕ್ಷ್ಮತೆ) 1600, ಶಟರ್ ಐದಾರು ಸೆಕೆಂಡು ತೆರೆದಿದ್ದರೆ ಸಾಕು. ಬ್ಯಾಟರಿ ಚಳಿಗೆ ಬೇಗ ಇಳಿಯುತ್ತದೆ, ಒಳಜೇಬಿನಲ್ಲಿಡಿ.

ಮಲ್ಪೆ ಬೀಚಿನಿಂದ ಕಂಡೀತಾ ಎಂದು ಕೆಳಗೆ ಕೇಳಿದವರಿಗೆ: 2024ರ ಮೇ ತಿಂಗಳ ದೊಡ್ಡ ಸೌರ ಬಿರುಗಾಳಿಯಲ್ಲಿ ಲಡಾಖಿನ ಹಾನ್ಲೆಯಲ್ಲಿ ಕೆಂಪು ಹೊಳಪು ಸಿಕ್ಕಿದ್ದು ನಿಜ. ಅದು 33 ಡಿಗ್ರಿ ಹತ್ತಿರ, ನಾವು 13ರಲ್ಲಿ. ಇಲ್ಲಿ ಅದಕ್ಕಾಗಿ ಕಾಯಬೇಡಿ.

ಅಕ್ಕಾ, ಟಿಕೆಟ್ ಆದ ಮೇಲೆ ದಿನಾಂಕ ಇಲ್ಲೇ ಹಾಕಿ. ಜನವರಿಯ ಕರೋನಾ ರಂಧ್ರಗಳನ್ನು ನೋಡಿ 27 ದಿನದ ಲೆಕ್ಕ ಹಾಕಿ ಹೇಳುತ್ತೇನೆ.