ಮತದಾನ ಮುಗಿಯುವ ತನಕ ನಿಂತ ದರ

‘ಪೆಟ್ರೋಲ್, ಡೀಸೆಲ್ ಬೆಲೆಯನ್ನು ಕಂಪನಿಗಳ ಕೈಗೆ ಬಿಟ್ಟದ್ದೇ ತಪ್ಪು. ಮೊದಲಿನ ಹಾಗೆ ಸರ್ಕಾರವೇ ಬೆಲೆ ಕಟ್ಟಲಿ’ ಎಂದು ಹಾಸನ ಕಡೆಯ ಓದುಗರೊಬ್ಬರು ಬರೆದಿದ್ದಾರೆ. ಬಾಡಿಗೆಗೆ ಟ್ರ್ಯಾಕ್ಟರ್ ಓಡಿಸುವವರು.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ, ಸ್ವಾಮಿ. ನಿಮ್ಮ ಕಷ್ಟ ಸುಳ್ಳಲ್ಲ. ಡೀಸೆಲ್ ಏರಿದಷ್ಟು ಬೇಗ ಉಳುಮೆ ಬಾಡಿಗೆ ಏರುವುದಿಲ್ಲ. ಆದರೆ ‘ಮೊದಲಿನ ಹಾಗೆ’ ಅಂದಿರಲ್ಲ, ಆ ಮಾತು ನನಗೆ ಚುಚ್ಚಿತು. ಆ ಕಾಲ ಹೇಗಿತ್ತು ಅಂತ ಇಷ್ಟು ಬೇಗ ಮರೆತುಬಿಟ್ಟಿರಾ?

ನಾನು ಮರೆತಿಲ್ಲ. ರೇಷನ್ ಅಂಗಡಿ ಮುಂದೆ ಐದು ಲೀಟರಿನ ಡಬ್ಬ ಹಿಡಿದು ಬೆಳಗ್ಗೆಯಿಂದ ಕ್ಯೂ ನಿಲ್ಲುತ್ತಿದ್ದೆ. ನೀಲಿ ಸೀಮೆಎಣ್ಣೆಯನ್ನು ಅಳತೆಗೆ ಸುರಿದು, ನೊರೆ ಇಳಿಯುವ ಮೊದಲೇ ನಮ್ಮ ಡಬ್ಬಕ್ಕೆ ಬಗ್ಗಿಸುತ್ತಿದ್ದರು. ನಾಲ್ಕು ಜನ ಮುಂದೆ ಹೋಗುವಷ್ಟರಲ್ಲಿ ‘ಸ್ಟಾಕ್ ಇಲ್ಲ’. ಬಡವರ ಒಲೆಗೆಂದು ಅಗ್ಗ ಮಾಡಿದ ಎಣ್ಣೆ ಡೀಸೆಲ್‌ಗೆ ಬೆರಕೆಯಾಗುತ್ತಿದ್ದದ್ದು ದೇಶಕ್ಕೇ ಗೊತ್ತಿತ್ತು. ಕಲಬೆರಕೆ ಹಿಡಿಯಲು ಹೋಗಿ ಜೀವ ಕಳೆದುಕೊಂಡ ಎಸ್. ಮಂಜುನಾಥ್ ನಮ್ಮ ಕೆಜಿಎಫ್‌ನಲ್ಲಿ ಬೆಳೆದ ಹುಡುಗ. ಇಂಡಿಯನ್ ಆಯಿಲ್‌ನಲ್ಲಿ ಅಧಿಕಾರಿ. 2005ರ ನವೆಂಬರಿನಲ್ಲಿ ಉತ್ತರ ಪ್ರದೇಶದ ಲಖೀಂಪುರ ಖೇರಿಯಲ್ಲಿ ಗುಂಡಿಕ್ಕಿ ಕೊಂದರು. ಇನ್ನೂ 27 ವರ್ಷ. ಒಂದು ಎಣ್ಣೆಯನ್ನು ಅಗ್ಗ, ಇನ್ನೊಂದನ್ನು ತುಟ್ಟಿ ಮಾಡಿ ಕಳ್ಳರಿಗೆ ದಾರಿ ಬಿಟ್ಟುಕೊಟ್ಟದ್ದು ನೀವು ಕೇಳುತ್ತಿರುವ ಆ ಕಾಲದ ಪದ್ಧತಿಯೇ ಅಲ್ವಾ?

ಈಗ ಎಲ್ಲ ಸರಿಯಿದೆ ಅಂತ ಸುಮ್ನೆ ಹೇಳುತ್ತಿಲ್ಲ. ಪೆಟ್ರೋಲ್ ಬೆಲೆಯನ್ನು 2010ರಲ್ಲಿ, ಡೀಸೆಲ್ ಬೆಲೆಯನ್ನು 2014ರಲ್ಲಿ ಹತೋಟಿಯಿಂದ ಬಿಟ್ಟರು. 2017ರ ಜೂನಿನಿಂದ ದಿನಾ ದರ ಬದಲಾಗುತ್ತದೆ ಅಂದರು. ಮರುವರ್ಷ ನಮ್ಮ ವಿಧಾನಸಭೆ ಚುನಾವಣೆ ಬಂತು. ಏಪ್ರಿಲ್ 24ರಿಂದ 19 ದಿನ ದರ ಒಂದು ಪೈಸೆ ಅಲುಗಲಿಲ್ಲ. ಮೇ 12ಕ್ಕೆ ಮತದಾನ, 14ಕ್ಕೆ ಏರಿಕೆ! 2020ರಲ್ಲಿ ಕಚ್ಚಾ ತೈಲ ಪಾತಾಳಕ್ಕೆ ಇಳಿದಾಗ ನಿಮ್ಮ ಟ್ಯಾಂಕಿಗೆ ಅಗ್ಗದ ಡೀಸೆಲ್ ಬಂತೇ? ಆ ಮೇ ತಿಂಗಳಲ್ಲಿ ಕೇಂದ್ರ ಪೆಟ್ರೋಲ್‌ಗೆ 10, ಡೀಸೆಲ್‌ಗೆ 13 ರೂಪಾಯಿ ಸುಂಕ ಏರಿಸಿತು. ರಾಜ್ಯವೂ ಹಿಂದೆ ಬಿದ್ದಿಲ್ಲ. 2024ರಲ್ಲಿ ಲೋಕಸಭೆ ಫಲಿತಾಂಶ ಬಂದ ಎರಡೇ ವಾರದೊಳಗೆ ಪೆಟ್ರೋಲ್‌ಗೆ 3 ರೂಪಾಯಿ ಜಾಸ್ತಿ ಮಾಡಿತು.

ಬೆಲೆ ಬಿಟ್ಟಿದ್ದಾರೆ ಅಂತ ಬೈಯುತ್ತೀರಿ. ಪೂರ್ತಿ ಬಿಟ್ಟೇ ಇಲ್ಲವಲ್ಲ ಸ್ವಾಮಿ, ಅದಕ್ಕೆ ಬೈಯಿರಿ. ಮುಂದಿನ ಚುನಾವಣೆ ಘೋಷಣೆಯಾದ ದಿನದಿಂದ ನಿಮ್ಮೂರ ಬಂಕಿನ ದರವನ್ನು ದಿನಾ ಬರೆದಿಡಿ. ಮತ ಎಣಿಕೆ ಮುಗಿದು ಹದಿನೈದು ದಿನದವರೆಗೂ ನಿಲ್ಲಿಸಬೇಡಿ. ನನಗೆ ಕಳಿಸಿ, ಇದೇ ಪುಟದಲ್ಲಿ ಅಚ್ಚು ಹಾಕುತ್ತೇನೆ.