ಸೀರೆ ಕಪಾಟಿನ ಮುಂದೆ ಕೂರಿಸಿ

ಪ್ರಶ್ನೆ: ಅಜ್ಜಿ ಹೇಳುವ ಕಥೆಗಳನ್ನು ಪಾಡ್‌ಕಾಸ್ಟ್ ಮಾಡುವ ಆಸೆ. ಸಣ್ಣ ಸದ್ದನ್ನೂ ಹಿಡಿಯುವ ಹೊಸ ಕಂಡೆನ್ಸರ್ ಮೈಕ್ ತಂದೆ. ಆದರೂ ಬಾವಿಯೊಳಗಿಂದ ಮಾತಾಡಿದ ಹಾಗೆ ಕೇಳಿಸುತ್ತದೆ. ಗೋಡೆಗೆ ಫೋಮ್ ಅಂಟಿಸಲೇ?
– ಓದುಗರೊಬ್ಬರು, ಸಾಗರ

ಉತ್ತರ: ಫೋಮ್‌ಗೆ ಈಗಲೇ ದುಡ್ಡು ಹಾಕಬೇಡಿ. ತೊಂದರೆ ಮೈಕ್‌ನದಲ್ಲ, ಕೋಣೆಯದು. ಬರಿ ಗೋಡೆ, ಟೈಲ್ಸ್ ನೆಲ ಇದ್ದರೆ ಮಾತು ಬಡಿದು ವಾಪಸ್ ಬರುತ್ತದೆ. ಕಂಡೆನ್ಸರ್ ಮೈಕ್ ಅದನ್ನೂ ಹಿಡಿಯುತ್ತದೆ. ಕೋಣೆ ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿ. ಸದ್ದು ಬಾಲ ಎಳೆದರೆ ಆ ಕೋಣೆ ಬೇಡ.

ನಮ್ಮತ್ತೆಯ ಸೋಬಾನೆ ಪದ ರೆಕಾರ್ಡ್ ಮಾಡುವಾಗ ಬಟ್ಟೆ ಕಪಾಟಿನ ಬಾಗಿಲು ತೆರೆದು, ಸೀರೆಗಳ ಕಡೆ ಮುಖ ಮಾಡಿ ಕೂರಿಸಿದ್ದೆ. ಕೆಳಗೆ ಜಮಖಾನ, ಬೆನ್ನ ಹಿಂದೆ ಹಗ್ಗಕ್ಕೆ ಎರಡು ಕೌದಿ. ದನಿ ಎಷ್ಟು ಹತ್ತಿರ ಬಂತು ಅಂತೀರಿ! ಆದರೆ ಕೈ ಆಡಿಸಿದಾಗೆಲ್ಲ ಬಳೆ ಸದ್ದು. ಬಳೆ ತೆಗೆಯಿರಿ ಎನ್ನಲು ನನಗೆ ಮನಸ್ಸಾಗಲಿಲ್ಲ. ತೊಡೆ ಮೇಲೆ ದಿಂಬು ಕೊಟ್ಟೆ, ಕೈ ಅಲ್ಲೇ ನಿಂತಿತು.

ಮೈಕ್ ಬಾಯಿಂದ ಒಂದು ಗೇಣು ದೂರ, ಸ್ವಲ್ಪ ಓರೆಯಾಗಿರಲಿ. ಆಗ 'ಪ', 'ಭ' ಸಿಡಿಯುವುದಿಲ್ಲ. ಸ್ಟ್ಯಾಂಡ್ ಕೆಳಗೆ ಮಡಿಸಿದ ಟವೆಲ್ ಇಡಿ. ಫ್ಯಾನ್ ಆಫ್ ಮಾಡಿ. ನಿಮ್ಮ ಕಡೆ ಹೆಂಚಿನ ಮನೆ ಜಾಸ್ತಿ ಅಲ್ವಾ, ಮಳೆ ನಿಂತ ಮೇಲೇ ಶುರು ಮಾಡಿ. ಕಥೆ ಮುಗಿದ ಮೇಲೂ 10 ಸೆಕೆಂಡ್ ಎಲ್ಲರೂ ಸುಮ್ನೆ ಕೂತು ಕೋಣೆಯ ಸದ್ದನ್ನಷ್ಟೇ ರೆಕಾರ್ಡ್ ಮಾಡಿಕೊಳ್ಳಿ. ಎಡಿಟ್ ಮಾಡುವಾಗ ಹಿನ್ನೆಲೆಯ ಗುಂಯ್‌ಗುಡುವಿಕೆ ಯಾವುದೆಂದು ಸಾಫ್ಟ್‌ವೇರ್‌ಗೆ ತೋರಿಸಿ ತೆಗೆಸಲು ಅದೇ ಬೇಕು.